ಜಾಲಪುಟದ ಅಕ್ಷರ, ಜಾಲಪುಟದ ಭಾಷೆ

ಅಚ್ಚುಮೊಳೆಗಳ ಕಾಲದಲ್ಲಿ ಲೇಖಕನ ಹಸ್ತಪ್ರತಿ ನೇರವಾಗಿ ಮೊಳೆ ಜೋಡಿಸುವವನ ಕೈಗೆ ಹೋಗುತ್ತಿರಲಿಲ್ಲ. ನಡುವೆ ಒಬ್ಬರು ಅದನ್ನು ಓದಿ, ಅಂಚಿನಲ್ಲಿ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಈ ಗುರುತುಗಳಲ್ಲಿ ಎರಡು ಬಗೆ. ‘ಇದು ತಲೆಬರೆಹ’, ‘ಇದು ಅಡಿಟಿಪ್ಪಣಿ’ ಎನ್ನುವುದು ಒಂದು ಬಗೆ. ‘ಇದಕ್ಕೆ ೧೮ ಪಾಯಿಂಟಿನ ದಪ್ಪ ಮೊಳೆ’, ‘ಇದನ್ನು ಸಾಲಿನ ನಡುವೆ ನಿಲ್ಲಿಸು’ ಎನ್ನುವುದು ಇನ್ನೊಂದು. ಮೊದಲನೆಯದು ಬರೆಹದ ಆ ಭಾಗ ಏನೆಂಬುದನ್ನು ಹೇಳುತ್ತದೆ. ಎರಡನೆಯದು ಅದು ಹೇಗೆ ಕಾಣಬೇಕೆಂಬುದನ್ನು ಹೇಳುತ್ತದೆ. ಅಚ್ಚುಕೂಟದಲ್ಲಿ ಇವೆರಡಕ್ಕೂ ಫಲ ಒಂದೇ ಆದುದರಿಂದ ಯಾರೂ ಈ ಭೇದವನ್ನು ಕುರಿತು ತಲೆ ಕೆಡಿಸಿಕೊಳ್ಳಲಿಲ್ಲ.

ಆದರೆ ಬರೆಹ ಕಾಗದವನ್ನು ಬಿಟ್ಟು ಗಣಕಯಂತ್ರದ ತೆರೆಗೆ ಬಂದಾಗ ಈ ಚಿಕ್ಕ ಭೇದವೇ ದೊಡ್ಡ ವ್ಯಾಜ್ಯವಾಯಿತು. ವರ್ಲ್ಡ್ ವೈಡ್ ವೆಬ್ ಎಂಬ ಜಗದ್ವ್ಯಾಪಿ ಜಾಲದ ಮೊದಲ ಹತ್ತು ವರ್ಷಗಳ ಇತಿಹಾಸವನ್ನು ಈ ವ್ಯಾಜ್ಯದ ಇತಿಹಾಸವೆಂದು ಕರೆದರೆ ತಪ್ಪಾಗದು. ಪುಟದ ರೂಪದ ಮೇಲೆ ಅಧಿಕಾರ ಬರೆದವನದೋ, ಓದುವವನದೋ? ಲೋಕದ ಎಲ್ಲ ಭಾಷೆಗಳಿಗೂ ಆ ಪುಟದಲ್ಲಿ ಎಡೆಯುಂಟೋ, ಇಲ್ಲವೋ? ಈ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ಹುಟ್ಟಿದರೂ ಒಂದಕ್ಕೊಂದು ಹೆಣೆದುಕೊಂಡು ಬೆಳೆದವು. ಅವುಗಳ ಉತ್ತರಕ್ಕಾಗಿ ಕನ್ನಡ ತೆತ್ತ ಬೆಲೆಯೂ ಸಣ್ಣದಲ್ಲ.

ವಕೀಲನೊಬ್ಬನ ಕಾಣಿಕೆ

ಕತೆ ಜಾಲಕ್ಕಿಂತ ಹಿಂದಿನದು. ೧೯೬೭ರ ಸೆಪ್ಟೆಂಬರಿನಲ್ಲಿ ಕೆನಡಾ ಸರ್ಕಾರದ ಮುದ್ರಣಾಲಯದಲ್ಲಿ ನಡೆದ ಸಭೆಯೊಂದರಲ್ಲಿ ವಿಲಿಯಂ ಟನಿಕ್ಲಿಫ್ ಎಂಬವರು, ಬರೆಹದ ವಿಷಯವನ್ನು ಅದರ ರೂಪದಿಂದ ಬೇರ್ಪಡಿಸಬೇಕೆಂದು ವಾದಿಸಿದರು. ಆ ಹೊತ್ತಿಗೆ ಅಕ್ಷರ ಜೋಡಿಸುವ ಗಣಕಯಂತ್ರಗಳು ಅಮೆರಿಕದ ಅಚ್ಚುಕೂಟಗಳಿಗೆ ಬಂದಿದ್ದವು. ಒಂದೊಂದು ಯಂತ್ರಕ್ಕೂ ಅದರದೇ ಆದ ಆಜ್ಞೆಗಳು. ಒಂದು ಯಂತ್ರಕ್ಕೆ ಸಿದ್ಧಪಡಿಸಿದ ಪುಸ್ತಕವನ್ನು ಇನ್ನೊಂದರಲ್ಲಿ ಅಚ್ಚುಹಾಕಬೇಕೆಂದರೆ ಎಲ್ಲ ಆಜ್ಞೆಗಳನ್ನೂ ಮತ್ತೆ ತಿದ್ದಬೇಕಾಗುತ್ತಿತ್ತು. ‘ದಪ್ಪ ಅಕ್ಷರ’ ಎಂದು ಬರೆಯುವ ಬದಲು ‘ತಲೆಬರೆಹ’ ಎಂದಷ್ಟೇ ಬರೆದಿಟ್ಟರೆ ಯಾವ ಯಂತ್ರವಾದರೂ ತನಗೆ ತಕ್ಕಂತೆ ಅದನ್ನು ಅರ್ಥಮಾಡಿಕೊಳ್ಳಬಹುದಲ್ಲವೆ ಎಂಬುದು ಈ ವಾದದ ತಿರುಳು.

ಈ ತಿರುಳಿಗೆ ಯಂತ್ರದ ಒಡಲು ಕೊಟ್ಟವರಲ್ಲಿ ಮುಖ್ಯರು ಚಾರ್ಲ್ಸ್ ಗೋಲ್ಡ್‌ಫಾರ್ಬ್. ಇವರು ಮೊದಲು ವಕೀಲರು. ಆಮೇಲೆ ಐಬಿಎಂ ಸಂಸ್ಥೆ ಸೇರಿದವರು. ವಕೀಲರ ಕಚೇರಿಯ ಕಾಗದಪತ್ರಗಳನ್ನು ಗಣಕಯಂತ್ರದಲ್ಲಿ ಒಪ್ಪವಾಗಿಡುವ ಕೆಲಸ ಇವರ ಪಾಲಿಗೆ ಬಂದಿತು. ಒಂದೇ ದಾಖಲೆಯನ್ನು ತಿದ್ದಬೇಕು, ಹುಡುಕಬೇಕು, ಅಚ್ಚುಹಾಕಬೇಕು. ಮೂರು ಕೆಲಸಕ್ಕೂ ಅದೇ ಗುರುತು ಸಲ್ಲಬೇಕು. ೧೯೬೯ರಲ್ಲಿ ಗೋಲ್ಡ್‌ಫಾರ್ಬ್, ಮೋಶರ್, ಲೋರಿ ಎಂಬ ಮೂವರು ಸೇರಿ ಇದಕ್ಕಾಗಿ ಒಂದು ಗುರುತು ಭಾಷೆಯನ್ನು ಕಟ್ಟಿದರು. ಮೂವರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದನ್ನು ಜಿಎಂಎಲ್ ಎಂದು ಕರೆದರು. ಅದೇ ಬೆಳೆದು ೧೯೮೬ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಬರೆಹದ ರಚನೆಯನ್ನು ಹೇಳು, ರೂಪವನ್ನು ಹೇಳಬೇಡ ಎಂಬುದು ಈ ಸಂಪ್ರದಾಯದ ಮೂಲಮಂತ್ರ.

ಜಿನೀವಾದ ಹದಿನೆಂಟು ಗುರುತುಗಳು

ಸ್ವಿಟ್ಜರ್ಲೆಂಡಿನ ಜಿನೀವಾ ಬಳಿ, ಫ್ರಾನ್ಸಿನ ಗಡಿಗೆ ಒತ್ತಿಕೊಂಡು, ಸರ್ನ್ ಎಂಬ ಪರಮಾಣು ಸಂಶೋಧನ ಸಂಸ್ಥೆಯಿದೆ. ಯೂರೋಪಿನ ಹಲವು ದೇಶಗಳ ವಿಜ್ಞಾನಿಗಳು ಅಲ್ಲಿಗೆ ಬಂದು ಹೋಗುತ್ತಾರೆ; ಒಬ್ಬೊಬ್ಬರು ಒಂದೊಂದು ಬಗೆಯ ಗಣಕಯಂತ್ರವನ್ನು ಬಳಸುತ್ತಿದ್ದ ಕಾಲ ಅದು. ಇವರೆಲ್ಲರ ಟಿಪ್ಪಣಿ, ವರದಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಎಲ್ಲರಿಗೂ ದೊರೆಯುವಂತಾಗಬೇಕೆಂದು ಟಿಮ್ ಬರ್ನರ್ಸ್-ಲೀ ೧೯೮೯ರ ಮಾರ್ಚಿನಲ್ಲಿ ಒಂದು ಯೋಜನೆಯನ್ನು ಮೇಲಧಿಕಾರಿಗಳ ಮುಂದಿಟ್ಟರು. ಸರ್ನ್‌ನಲ್ಲಿ ಆಗಲೇ ಎಸ್‌ಜಿಎಂಎಲ್ ಬಳಕೆಯಿತ್ತು. ತಲೆಬರೆಹ, ಪ್ಯಾರಾ, ಪಟ್ಟಿ ಮುಂತಾದ ಗುರುತುಗಳನ್ನು ಅಲ್ಲಿಂದಲೇ ಎತ್ತಿಕೊಂಡು, ಕೊಂಡಿ ಹಾಕುವ ತಮ್ಮದೊಂದು ಹೊಸ ಗುರುತನ್ನು ಸೇರಿಸಿ, ಬರ್ನರ್ಸ್-ಲೀ ಎಚ್‌ಟಿಎಂಎಲ್ ಎಂಬ ಸರಳ ಭಾಷೆಯನ್ನು ರೂಪಿಸಿದರು. ೧೯೯೧ರ ಕೊನೆಯಲ್ಲಿ ಅವರು ಬರೆದ ವಿವರಣೆಯಲ್ಲಿದ್ದುದು ಕೇವಲ ೧೮ ಗುರುತುಗಳು.

ಆ ಹದಿನೆಂಟರಲ್ಲಿ ಅಕ್ಷರದ ಬಣ್ಣವಿಲ್ಲ, ಮೊಳೆಯ ಹೆಸರಿಲ್ಲ, ಗಾತ್ರವಿಲ್ಲ. ಇದು ಮರೆವಲ್ಲ. ಬರ್ನರ್ಸ್-ಲೀ ಅವರ ಸ್ವಂತ ಗಣಕಯಂತ್ರ ಬಹು ಸೊಗಸಾದದ್ದು. ಅದರಲ್ಲಿ ಬಗೆಬಗೆಯ ಅಕ್ಷರಗಳು ಮೂಡುತ್ತಿದ್ದವು. ಆದರೆ ಸರ್ನ್‌ನ ಬಹುಮಂದಿಯ ಮುಂದಿದ್ದುದು ಒಂದೇ ಗಾತ್ರದ ಅಕ್ಷರಗಳನ್ನು ಸಾಲು ಸಾಲಾಗಿ ಮೂಡಿಸುವ ಬಡ ತೆರೆ. ಅವರಿಗಾಗಿ ನಿಕೋಲಾ ಪೆಲೋ ಎಂಬ ತರುಣ ವಿದ್ಯಾರ್ಥಿನಿ ಬೇರೆಯೇ ಒಂದು ಬ್ರೌಸರನ್ನು ಬರೆದಳು. ಒಂದೇ ಪುಟ ಸಿರಿವಂತ ಯಂತ್ರದಲ್ಲೂ ಬಡ ಯಂತ್ರದಲ್ಲೂ ಓದಲು ಬರಬೇಕಾದರೆ, ಪುಟದಲ್ಲಿ ‘ಇದು ತಲೆಬರೆಹ’ ಎಂದಷ್ಟೇ ಇರಬೇಕು. ಅದನ್ನು ದಪ್ಪಗೆ ತೋರಿಸುವುದೋ, ಮೇಲೆ ಕೆಳಗೆ ಒಂದು ಸಾಲು ಬಿಟ್ಟು ತೋರಿಸುವುದೋ, ಅದು ಓದುವವನ ಯಂತ್ರಕ್ಕೆ ಬಿಟ್ಟದ್ದು. ಓದುಗನಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟ ಪುಟ ಅಚ್ಚಿನ ಇತಿಹಾಸದಲ್ಲಿ ಹಿಂದೆಂದೂ ಇರಲಿಲ್ಲ.

ಭಾಷೆಯ ಮಾತಿಗೆ ಬಂದರೆ, ಆ ಉದಾರತೆ ಅಲ್ಲಿ ಅಷ್ಟಾಗಿ ಕಾಣದು. ಜಾಲದ ಪುಟಕ್ಕೆ ಆರಿಸಿಕೊಂಡ ಅಕ್ಷರಮಾಲೆ ಐಎಸ್‌ಒ ೮೮೫೯-೧ ಎಂಬುದು. ಲ್ಯಾಟಿನ್-೧ ಎಂದು ಅದರ ರೂಢಿಯ ಹೆಸರು. ಒಂದು ಅಕ್ಷರಕ್ಕೆ ಎಂಟು ಬಿಟ್‌ಗಳ ಒಂದು ಮನೆ, ಒಟ್ಟು ೨೫೬ ಮನೆಗಳು. ಅವುಗಳಲ್ಲಿ ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್ ಮೊದಲಾದ ಪಶ್ಚಿಮ ಯೂರೋಪಿನ ಭಾಷೆಗಳ ಅಕ್ಷರಗಳು. ಸರ್ನ್‌ನ ಅಂಗಳದಲ್ಲಿ ಕಿವಿಗೆ ಬೀಳುವ ಫ್ರೆಂಚ್ ಭಾಷೆಯ ಒಂದು ಕೂಡಕ್ಷರಕ್ಕೂ ಅದರಲ್ಲಿ ಮನೆ ಸಿಕ್ಕಿರಲಿಲ್ಲ. ಹೀಗಿರುವಲ್ಲಿ ಗ್ರೀಕ್, ರಷ್ಯನ್, ಅರಬ್ಬಿ, ಚೀನಿ, ಕನ್ನಡಗಳ ಪಾಡನ್ನು ಹೇಳುವುದೇನು? ೧೯೯೫ರ ನವೆಂಬರಿನಲ್ಲಿ ಎಚ್‌ಟಿಎಂಎಲ್‌ನ ೨.೦ ಆವೃತ್ತಿ ಮಾನಕವಾಗಿ ಪ್ರಕಟವಾದಾಗಲೂ ಅದರ ಅಕ್ಷರಮಾಲೆ ಇದೇ ಲ್ಯಾಟಿನ್-೧.

ಅಲಂಕಾರದ ಹುಚ್ಚು

೧೯೯೩ರ ಏಪ್ರಿಲ್ ೩೦ರಂದು ಸರ್ನ್ ತನ್ನ ಜಾಲದ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಎಂಬವರು ಮೊಸಾಯಿಕ್ ಎಂಬ ಬ್ರೌಸರನ್ನು ಹೊರತಂದರು. ಬರೆಹದ ನಡುವೆಯೇ ಚಿತ್ರವೂ ಮೂಡುತ್ತಿದ್ದ ಈ ಬ್ರೌಸರಿನಿಂದಾಗಿ ವಿಜ್ಞಾನಿಗಳ ಜಾಲ ಸಾಮಾನ್ಯರ ಜಾಲವಾಯಿತು. ಸಾಮಾನ್ಯರ ಹಿಂದೆಯೇ ವ್ಯಾಪಾರಿಗಳು ಬಂದರು. ವ್ಯಾಪಾರಿಗಳ ಹಿಂದೆ ಜಾಹೀರಾತಿನವರು, ಚಿತ್ರಕಾರರು, ಪತ್ರಿಕೆಗಳ ವಿನ್ಯಾಸಕಾರರು ಬಂದರು. ಪುಟದ ಒಂದೊಂದು ಗೆರೆಯನ್ನೂ ಅಳೆದು ಇಡುವುದು ಇವರ ಕಸುಬು. ಅಕ್ಷರದ ಗಾತ್ರ ಓದುವವನ ಮರ್ಜಿಗೆ ಬಿಟ್ಟದ್ದೆಂದರೆ ಅವರಿಗೆ ಹೇಗೆ ಒಪ್ಪಿಗೆಯಾದೀತು? ೧೯೯೪ರ ಮೊದಲಲ್ಲಿ ಆಂಡ್ರೀಸನ್ನರೇ ಒಂದು ಪತ್ರದಲ್ಲಿ, ತಮ್ಮ ಪುಟದ ರೂಪ ತಮ್ಮ ಹಿಡಿತದಲ್ಲಿರಬೇಕೆಂದು ಕೇಳುವವರ ದಂಡಿಗೆ ‘ಅದಾಗದು’ ಎಂದು ಹೇಳುವುದೇ ತಮಗೊಂದು ವಿನೋದವಾಗಿದೆಯೆಂಬ ಧಾಟಿಯಲ್ಲಿ ಬರೆದಿದ್ದರು.

ಆ ವಿನೋದ ಬಹಳ ದಿನ ಉಳಿಯಲಿಲ್ಲ. ಅದೇ ವರ್ಷ ಅವರು ನೆಟ್‌ಸ್ಕೇಪ್ ಎಂಬ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದರು. ಗಿರಾಕಿ ಕೇಳಿದ್ದನ್ನು ಕೊಡುವುದು ಕಂಪನಿಯ ಧರ್ಮ. ಅಕ್ಷರದ ಗಾತ್ರ ಹೇಳಲು ‘ಫಾಂಟ್’ ಎಂಬ ಗುರುತು, ನಡುವೆ ನಿಲ್ಲಿಸಲು ‘ಸೆಂಟರ್’ ಎಂಬ ಗುರುತು, ಅಕ್ಷರವನ್ನು ಮಿಣಮಿಣನೆ ಮಿನುಗಿಸಲು ‘ಬ್ಲಿಂಕ್’ ಎಂಬ ಗುರುತು, ಹೀಗೆ ಒಂದರ ಹಿಂದೊಂದಾಗಿ ಬಂದವು. ಮೈಕ್ರೋಸಾಫ್ಟ್ ೧೯೯೫ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಬ್ರೌಸರಿನೊಡನೆ ಕಣಕ್ಕಿಳಿದು, ‘ಫಾಂಟ್’ ಗುರುತಿನೊಳಗೆ ಮೊಳೆಯ ಹೆಸರನ್ನೇ ಬರೆಯುವ ಸೌಕರ್ಯ ಕೊಟ್ಟಿತು. ಆ ಹೆಸರಿನ ಮೊಳೆ ಓದುವವನ ಯಂತ್ರದಲ್ಲಿದ್ದರೆ ಅಕ್ಷರ ಆ ರೂಪದಲ್ಲಿ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ಈ ‘ಇಲ್ಲದಿದ್ದರೆ’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಕನ್ನಡದ ಕತೆ ಇದರ ಮೇಲೆಯೇ ನಿಂತಿದೆ.

ಗುರುತುಗಳು ಸಾಲದೆ ಹೋದಾಗ ವಿನ್ಯಾಸಕಾರರು ಉಪಾಯ ಹೂಡಿದರು. ಲೆಕ್ಕಪತ್ರಗಳಿಗಾಗಿ ಮಾಡಿದ್ದ ಕೋಷ್ಟಕವನ್ನು ಪುಟದ ಅಂಕಣಗಳಿಗೆ ಬಳಸಿದರು. ಕಣ್ಣಿಗೆ ಕಾಣದ, ಒಂದೇ ಚುಕ್ಕೆಯಷ್ಟಿರುವ ಚಿತ್ರವನ್ನು ಬೇಕಾದಷ್ಟು ಹಿಗ್ಗಿಸಿ, ಪದಗಳ ನಡುವೆ ತುರುಕಿ ಜಾಗ ಬಿಡಿಸಿದರು. ಮೊಳೆ ಜೋಡಿಸುವವನು ಸೀಸದ ಪಟ್ಟಿ ಇಟ್ಟು ಸಾಲು ಬಿಡಿಸುತ್ತಿದ್ದಂತೆಯೇ ಇದು. ಇಂಥ ಉಪಾಯಗಳನ್ನು ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ಡೇವಿಡ್ ಸೀಗಲ್ ಎಂಬವರೇ ೧೯೯೭ರಲ್ಲಿ, ಜಾಲ ಕೆಟ್ಟುಹೋಯಿತು, ಕೆಡಿಸಿದವನು ನಾನೇ ಎಂಬರ್ಥದ ತಲೆಬರೆಹ ಕೊಟ್ಟು ಲೇಖನ ಬರೆದರು. ರೂಪದ ಆಜ್ಞೆಗಳು ಪುಟದಲ್ಲಿ ತುಂಬಿದಷ್ಟೂ ರಚನೆಯ ಗುರುತುಗಳು ಮಾಯವಾದವು. ಕಣ್ಣಿಲ್ಲದವರಿಗೆ ಪುಟವನ್ನು ಓದಿ ಹೇಳುವ ಯಂತ್ರಕ್ಕೆ ಯಾವುದು ತಲೆಬರೆಹ, ಯಾವುದು ಬರಿಯ ದಪ್ಪಕ್ಷರ ಎಂಬುದು ತಿಳಿಯದಾಯಿತು.

ಶೈಲಿಗೆ ಬೇರೆ ಹಾಳೆ

ಈ ಬಿಕ್ಕಟ್ಟಿಗೆ ಪರಿಹಾರ ಬಂದದ್ದು ಮತ್ತೆ ಸರ್ನ್‌ನಿಂದಲೇ. ಅಲ್ಲಿದ್ದ ನಾರ್ವೆಯ ಹೋಕನ್ ವಿಯಂ ಲೀ ಎಂಬವರು ೧೯೯೪ರ ಅಕ್ಟೋಬರ್ ೧೦ರಂದು, ಅಂದರೆ ನೆಟ್‌ಸ್ಕೇಪ್ ತನ್ನ ಬ್ರೌಸರನ್ನು ಸಾರುವುದಕ್ಕೆ ಮೂರು ದಿನ ಮೊದಲು, ಒಂದು ಸಲಹೆಯನ್ನು ಪ್ರಕಟಿಸಿದರು. ಬರೆಹದ ಪುಟದಲ್ಲಿ ರಚನೆ ಮಾತ್ರ ಇರಲಿ. ಬಣ್ಣ, ಗಾತ್ರ, ಅಂಚುಗಳಿಗೆ ಬೇರೆ ಹಾಳೆಯಿರಲಿ ಎಂಬುದು ಆ ಸಲಹೆ. ಡಚ್ಚರಾದ ಬರ್ಟ್ ಬಾಸ್ ಇವರ ಜೊತೆಗೂಡಿದರು. ೧೯೯೬ರ ಡಿಸೆಂಬರಿನಲ್ಲಿ ಇದು ಸಿಎಸ್‌ಎಸ್ ಎಂಬ ಹೆಸರಿನ ಶಿಫಾರಸಾಗಿ ಹೊರಬಂದಿತು.

ಲೀ ಅವರ ಮೊದಲ ಕರಡಿನಲ್ಲಿ ಒಂದು ಸ್ವಾರಸ್ಯವಿತ್ತು. ಬರೆದವನು ತನ್ನ ಇಚ್ಛೆಯ ಜೊತೆಗೆ, ಅದು ನೂರಕ್ಕೆ ಎಷ್ಟು ಪಾಲು ನಡೆಯಬೇಕೆಂದೂ ಹೇಳಬಹುದಾಗಿತ್ತು; ಉಳಿದ ಪಾಲು ಓದುವವನದು. ಅಕ್ಷರದ ಗಾತ್ರದ ಮೇಲೆ ಇಬ್ಬರು ಚೌಕಾಶಿ ಮಾಡುವಂಥ ಈ ಏರ್ಪಾಡು ಆಚರಣೆಗೆ ಬರಲಿಲ್ಲ. ಆದರೆ ಅದರ ಹಿಂದಿನ ನ್ಯಾಯ ಉಳಿಯಿತು. ಬ್ರೌಸರಿನ ರೂಢಿಯ ಶೈಲಿ, ಓದುಗನ ಶೈಲಿ, ಲೇಖಕನ ಶೈಲಿ, ಈ ಮೂರೂ ಒಂದರ ಮೇಲೊಂದು ಸುರಿದು ಪುಟದ ಕೊನೆಯ ರೂಪವಾಗುತ್ತದೆ. ಇಬ್ಬರೂ ‘ನನ್ನ ಮಾತೇ ಮುಖ್ಯ’ ಎಂದು ಹಟ ಹಿಡಿದರೆ? ೧೯೯೬ರ ಶಿಫಾರಸು ಲೇಖಕನ ಪರ ತೀರ್ಪು ಕೊಟ್ಟಿತ್ತು. ೧೯೯೮ರ ಎರಡನೆಯ ಶಿಫಾರಸು ಅದನ್ನು ತಿರುಗಿಸಿ ಓದುಗನ ಪರವಾಗಿ ನಿಂತಿತು. ಮಂದದೃಷ್ಟಿಯ ಓದುಗನಿಗೆ ದೊಡ್ಡ ಅಕ್ಷರ ಬೇಕೆಂದರೆ, ಲೇಖಕನ ಸೌಂದರ್ಯದೃಷ್ಟಿ ಅದಕ್ಕೆ ಅಡ್ಡ ಬರಕೂಡದು ಎಂಬುದು ಅದರ ತಾತ್ಪರ್ಯ.

ಯೂರೋಪಿನಾಚೆಯ ಕಷ್ಟಗಳು

ಇತ್ತ ರೂಪದ ಜಗಳ ನಡೆಯುತ್ತಿರುವಾಗ, ಲ್ಯಾಟಿನ್-೧ರ ಬೇಲಿಯ ಹೊರಗಿದ್ದ ಭಾಷೆಗಳವರು ಬೇರೆಯೇ ಕಷ್ಟದಲ್ಲಿದ್ದರು. ಜಪಾನೀ ಬರೆಹಕ್ಕೆ ಆಗ ಮೂರು ಸಂಕೇತ ಪದ್ಧತಿಗಳು ಬಳಕೆಯಲ್ಲಿದ್ದವು. ಪುಟ ಯಾವ ಪದ್ಧತಿಯಲ್ಲಿದೆ ಎಂದು ಸರ್ವರ್ ಹೇಳಬೇಕೆಂಬ ನಿಯಮವೇನೋ ಇತ್ತು. ಬಹುಪಾಲು ಸರ್ವರ್‌ಗಳು ಹೇಳುತ್ತಿರಲಿಲ್ಲ. ಬ್ರೌಸರ್ ಊಹಿಸುತ್ತಿತ್ತು. ಊಹೆ ತಪ್ಪಿದರೆ ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಇದಕ್ಕೆ ಜಪಾನೀಯರು ‘ಮೊಜಿಬಾಕೆ’ ಎಂದು ಹೆಸರಿಟ್ಟರು. ಅಕ್ಷರ ವೇಷ ಬದಲಿಸುವುದು ಎಂದು ಅದರ ಭಾವ. ಆ ಪದ ಇಂದು ಲೋಕದ ಗಣಕತಜ್ಞರೆಲ್ಲರ ಬಾಯಲ್ಲೂ ಇದೆ.

ಹೀಬ್ರೂವಿನ ಕಷ್ಟ ಇನ್ನೊಂದು ಬಗೆ. ಆ ಭಾಷೆ ಬಲದಿಂದ ಎಡಕ್ಕೆ ಸಾಗುತ್ತದೆ. ಬ್ರೌಸರಿಗೆ ಗೊತ್ತಿದ್ದುದು ಎಡದಿಂದ ಬಲಕ್ಕೆ ಬರೆಯುವುದು ಮಾತ್ರ. ಇಸ್ರೇಲಿನ ಪುಟ ಬರೆಯುವವರು ಸಾಲನ್ನೇ ತಿರುಗುಮುರುಗು ಮಾಡಿ, ಕೊನೆಯ ಅಕ್ಷರವನ್ನು ಮೊದಲು ಇಟ್ಟು ಶೇಖರಿಸಿದರು. ನೋಡುವುದಕ್ಕೆ ಸರಿಯಾಗಿಯೇ ಇತ್ತು. ಆದರೆ ಓದುಗ ಕಿಟಕಿಯನ್ನು ಸ್ವಲ್ಪ ಕಿರಿದು ಮಾಡಿದನೆಂದರೆ ಸಾಲು ಎರಡಾಗಿ ಮುರಿದು, ವಾಕ್ಯದ ಬಾಲ ಮೇಲಿನ ಸಾಲಿಗೂ ತಲೆ ಕೆಳಗಿನ ಸಾಲಿಗೂ ಹೋಗುತ್ತಿತ್ತು. ಆದುದರಿಂದ ಪ್ರತಿ ಸಾಲನ್ನೂ ಕೈಯಾರೆ ಮುರಿದು ನಿಲ್ಲಿಸಬೇಕಾಗುತ್ತಿತ್ತು. ಪದವನ್ನು ಹುಡುಕುವವನು ಅದನ್ನೂ ಹಿಂದುಮುಂದಾಗಿ ಬರೆದು ಹುಡುಕಬೇಕು. ರೂಪವೊಂದನ್ನೇ ಸಾಧಿಸಿ ಹುರುಳನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇವಕ್ಕೆಲ್ಲ ಒಂದೇ ಮದ್ದು ಎಂಬಂತೆ ಯೂನಿಕೋಡ್ ಸಿದ್ಧವಾಗುತ್ತಿತ್ತು. ಲೋಕದ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಖಾಯಂ ಸಂಖ್ಯೆ ಕೊಡುವ ಯೋಜನೆ ಅದು. ಜೆರಾಕ್ಸ್ ಸಂಸ್ಥೆಯ ಜೋ ಬೆಕರ್ ೧೯೮೮ರಲ್ಲಿ ಇದರ ಕರಡನ್ನು ಬರೆದರು. ಮೊದಲ ಸಂಪುಟ ೧೯೯೧ರ ಅಕ್ಟೋಬರಿನಲ್ಲಿ ಬಂದಿತು. ಕನ್ನಡ ಅದರಲ್ಲಿ ಆಗಲೇ ಇತ್ತು. ಭಾರತದ ಲಿಪಿಗಳಿಗಾಗಿ ನಮ್ಮ ದೇಶದಲ್ಲಿಯೇ ರೂಪಿಸಿದ್ದ ಇಸ್ಕಿ ಎಂಬ ಸಂಕೇತದ ೧೯೮೮ರ ಆವೃತ್ತಿಯನ್ನು ಯೂನಿಕೋಡಿನವರು ಆಧಾರವಾಗಿ ಇಟ್ಟುಕೊಂಡರು. ನಮ್ಮ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಕ್ರಮದಲ್ಲಿರುವುದರಿಂದ, ದೇವನಾಗರಿಯ ಸಾಲಿನಲ್ಲಿ ಕಕಾರ ಎಷ್ಟನೆಯ ಮನೆಯಲ್ಲಿದೆಯೋ ಕನ್ನಡದ ಸಾಲಿನಲ್ಲೂ ಅಷ್ಟನೆಯ ಮನೆಯಲ್ಲೇ ಇದೆ. ಕನ್ನಡಕ್ಕೆ ಸಂದದ್ದು ೧೨೮ ಮನೆಗಳ ಒಂದು ಸಾಲು. ೧೯೯೨ರ ಸೆಪ್ಟೆಂಬರಿನಲ್ಲಿ ಕೆನ್ ಟಾಮ್ಸನ್ ಮತ್ತು ರಾಬ್ ಪೈಕ್ ಎಂಬವರು ನ್ಯೂಜೆರ್ಸಿಯ ಒಂದು ಊಟದ ಮನೆಯಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ಕಂಡುಹಿಡಿದ ಯುಟಿಎಫ್-೮ ಎಂಬ ಉಪಾಯ, ಈ ಸಂಖ್ಯೆಗಳನ್ನು ಹಳೆಯ ಯಂತ್ರಗಳೂ ಸಹಿಸಿಕೊಳ್ಳುವಂತೆ ಸಾಗಿಸುವ ದಾರಿಯನ್ನು ತೋರಿಸಿತು.

ನಾಲ್ವರ ಕರಡು

ಅಕ್ಷರಮಾಲೆ ಸಿದ್ಧವಾದರೆ ಸಾಲದು. ಪುಟದ ಗುರುತು ಭಾಷೆಯೂ ಅದನ್ನು ಒಪ್ಪಬೇಕು. ಈ ಕೆಲಸಕ್ಕೆ ಕೈಹಾಕಿದವರು ನಾಲ್ವರು: ಮಾಂಟ್ರಿಯಲ್‌ನ ಫ್ರಾನ್ಸ್ವಾ ಯರ್ಜೋ, ಜಪಾನಿನಲ್ಲಿ ಕೆಲಸದಲ್ಲಿದ್ದ ಗೇವಿನ್ ನಿಕಲ್, ಗ್ಲೆನ್ ಆಡಮ್ಸ್, ಮತ್ತು ಜೂರಿಕ್ ವಿಶ್ವವಿದ್ಯಾಲಯದ ಮಾರ್ಟಿನ್ ಡ್ಯೂರ್ಸ್ಟ್. ಇವರ ಕರಡು ೧೯೯೭ರ ಜನವರಿಯಲ್ಲಿ ಆರ್‌ಎಫ್‌ಸಿ ೨೦೭೦ ಎಂಬ ಒಣ ಹೆಸರಿನಲ್ಲಿ ಪ್ರಕಟವಾಯಿತು. ಸಾಮಾನ್ಯ ಓದುಗರ ಕಿವಿಗೆ ಈ ಸಂಖ್ಯೆ ಬಿದ್ದಿರಲಾರದು. ಆದರೂ ಇಂಗ್ಲಿಷಲ್ಲದ ಭಾಷೆಗಳ ಪಾಲಿಗೆ ಇದು ಒಂದು ಹಕ್ಕುಪತ್ರವೇ ಸರಿ.

ಅದರಲ್ಲಿ ಹೇಳಿದ ಮುಖ್ಯ ಮಾತುಗಳು ಮೂರು. ಪುಟ ಯಾವ ಸಂಕೇತದಲ್ಲಿ ಬಂದರೂ ಅದರ ಮೂಲ ಅಕ್ಷರಮಾಲೆ ಯೂನಿಕೋಡಿಗೆ ಸಮನಾದ ಜಾಗತಿಕ ಮಾಲೆಯೆಂದೇ ತಿಳಿಯಬೇಕು ಎಂಬುದು ಮೊದಲನೆಯದು. ಬರೆಹದ ದಿಕ್ಕನ್ನು ಹೇಳಲು ಒಂದು ಗುರುತಿರಬೇಕು ಎಂಬುದು ಎರಡನೆಯದು. ಹೀಬ್ರೂ, ಅರಬ್ಬಿಗಳ ಸಾಲನ್ನು ತಿರುಗಿಸಿಡುವ ಸಂಕಟ ಇದರಿಂದ ತಪ್ಪುವಂತಾಯಿತು. ಇಡೀ ಪುಟಕ್ಕಾಗಲಿ, ಒಂದು ಪದಕ್ಕಾಗಲಿ ‘ಇದು ಇಂಥ ಭಾಷೆ’ ಎಂದು ಹೇಳುವ ‘ಲ್ಯಾಂಗ್’ ಎಂಬ ಗುರುತು ಮೂರನೆಯದು. ಕನ್ನಡಕ್ಕೆ ‘ಕೆಎನ್’ ಎಂಬ ಎರಡಕ್ಷರದ ಸಂಕೇತ ಅದಕ್ಕೂ ಮೊದಲೇ ನಿಗದಿಯಾಗಿತ್ತು.

ಲಿಪಿಯನ್ನು ನೋಡಿದರೆ ಭಾಷೆ ತಿಳಿಯುವುದಿಲ್ಲವೆ, ಬೇರೆ ಗುರುತೇಕೆ ಎಂದು ಕೇಳಬಹುದು. ಯೂನಿಕೋಡಿನಲ್ಲಿ ಚೀನಿ, ಜಪಾನಿಗಳ ಚಿತ್ರಾಕ್ಷರಗಳಿಗೆ ಬಹುಮಟ್ಟಿಗೆ ಒಂದೇ ಸಂಖ್ಯೆ. ಆದರೆ ಎರಡು ದೇಶಗಳಲ್ಲಿ ಅವುಗಳನ್ನು ಬರೆಯುವ ವಾಡಿಕೆಯಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿವೆ. ಭಾಷೆ ತಿಳಿಯದೆ ಬ್ರೌಸರ್ ಸರಿಯಾದ ರೂಪವನ್ನು ಆರಿಸಲಾರದು. ಅಷ್ಟು ದೂರವೇಕೆ, ಕರಾವಳಿಯ ತುಳುವನ್ನೂ ಕರ್ನಾಟಕದ ಕೊಂಕಣಿಯನ್ನೂ ಬರೆಯುವುದು ಕನ್ನಡ ಲಿಪಿಯಲ್ಲಿಯೇ. ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರಕ್ಕೆ, ಕಾಗುಣಿತ ತಿದ್ದುವ ಯಂತ್ರಕ್ಕೆ, ಲಿಪಿಯೊಂದರಿಂದಲೇ ಇವುಗಳ ಭೇದ ಹೇಗೆ ತಿಳಿಯಬೇಕು?

ಇದೇ ಮಾತುಗಳನ್ನು ಒಳಗೊಂಡು ೧೯೯೭ರ ಡಿಸೆಂಬರಿನಲ್ಲಿ ಎಚ್‌ಟಿಎಂಎಲ್‌ನ ೪.೦ ಆವೃತ್ತಿ ಬಂದಿತು. ‘ಫಾಂಟ್’ ಗುರುತನ್ನು ಇನ್ನು ಬಳಸಬೇಡಿ ಎಂದು ಸಾರಿದ್ದೂ ಅದೇ ಆವೃತ್ತಿ. ರೂಪದ ವ್ಯಾಜ್ಯವೂ ಭಾಷೆಯ ವ್ಯಾಜ್ಯವೂ ಕಾಗದದ ಮೇಲೆ ಒಂದೇ ದಿನ ಇತ್ಯರ್ಥವಾದವು.

ಕನ್ನಡದ ಪಾಡು

ಆದರೆ ಕಾಗದದ ಮೇಲಿನ ತೀರ್ಪು ಮನೆಯ ಯಂತ್ರಕ್ಕೆ ತಲುಪಲು ಕಾಲ ಹಿಡಿಯಿತು. ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ೧೯೯೬ರಲ್ಲಿಯೇ ಯು. ಬಿ. ಪವನಜರು ‘ವಿಶ್ವಕನ್ನಡ’ ಎಂಬ ಜಾಲಪತ್ರಿಕೆಯನ್ನು ಆರಂಭಿಸಿದರು. ಯೂನಿಕೋಡಿನಲ್ಲಿ ಕನ್ನಡಕ್ಕೆ ಮನೆಯಿದ್ದರೂ, ಆ ಮನೆಯ ಸಂಖ್ಯೆಯನ್ನು ಕಂಡು ಕನ್ನಡದ ಅಕ್ಷರವನ್ನು ಮೂಡಿಸುವ ಶಕ್ತಿ ಆಗ ಜನರ ಬಳಿಯಿದ್ದ ವಿಂಡೋಸ್ ಯಂತ್ರಗಳಿಗಿರಲಿಲ್ಲ. ಕನ್ನಡದ ಬರೆವಣಿಗೆ ಸುಲಭದ್ದಲ್ಲ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಸಕಾರ, ವಿರಾಮ, ತಕಾರ, ವಿರಾಮ, ರೇಫ, ಈಕಾರದ ಚಿಹ್ನೆ ಎಂದು ಆರು. ಈ ಆರನ್ನೂ ಕೂಡಿಸಿ, ಒತ್ತುಗಳನ್ನು ಕೆಳಗೆ ಬಲಕ್ಕೆ ಜೋಡಿಸಿ, ದೀರ್ಘವನ್ನು ಕೊನೆಗೆ ಎಳೆಯುವ ಕೆಲಸವನ್ನು ಯಂತ್ರಕ್ಕೆ ಕಲಿಸಬೇಕು.

ಕಲಿಸುವವರೆಗೆ ಕಾಯುವಂತಿರಲಿಲ್ಲ. ಮುದ್ರಣಕ್ಕಾಗಿ ಆಗಲೇ ಬಳಕೆಯಲ್ಲಿದ್ದ ಒಂದು ಉಪಾಯ ಜಾಲಕ್ಕೂ ಬಂದಿತು. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ೨೫೬ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಮೊಳೆಯೊಂದನ್ನು ತಯಾರಿಸುವುದು. ಪುಟದಲ್ಲಿ ‘ಫಾಂಟ್’ ಗುರುತು ಹಾಕಿ ಆ ಮೊಳೆಯ ಹೆಸರನ್ನು ಬರೆಯುವುದು. ಓದುಗ ಆ ಮೊಳೆಯನ್ನು ಮೊದಲೇ ತನ್ನ ಯಂತ್ರಕ್ಕೆ ಇಳಿಸಿಕೊಂಡಿದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಕಂಪನಿಗೊಂದು ಮೊಳೆ, ಮೊಳೆಗೊಂದು ಸಂಕೇತ. ಮೊಳೆಯನ್ನು ಪುಟದ ಜೊತೆಯಲ್ಲೇ ಕಳಿಸುವ ‘ಡೈನಮಿಕ್ ಫಾಂಟ್’ ಎಂಬ ಉಪಾಯ ೧೯೯೭ರಲ್ಲಿ ಬಂದಾಗ, ನೆಟ್‌ಸ್ಕೇಪಿನದು ಒಂದು ಬಗೆ, ಮೈಕ್ರೋಸಾಫ್ಟಿನದು ಇನ್ನೊಂದು ಬಗೆ. ಎರಡಕ್ಕೂ ಸಲ್ಲುವಂತೆ ಪುಟ ಮಾಡುವವನಿಗೆ ಎರಡು ಪಟ್ಟು ದುಡಿಮೆ. ಕೆಲವರು ಬೇಸತ್ತು ಬರೆಹವನ್ನೇ ಚಿತ್ರವಾಗಿ ತೆಗೆದು ಪುಟಕ್ಕೆ ಅಂಟಿಸಿದರು.

ಈ ಉಪಾಯಗಳನ್ನು ಹೀಗಳೆಯುವಂತಿಲ್ಲ. ೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ‘ಬರಹ’, ಮುಂದೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’, ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ, ಇವುಗಳಿಂದ ಸಾವಿರಾರು ಮಂದಿ ಗಣಕಯಂತ್ರದಲ್ಲಿ ಕನ್ನಡ ಬರೆಯಲು ಕಲಿತರು. ಅಮೆರಿಕದಲ್ಲಿ, ಕೊಲ್ಲಿಯ ದೇಶಗಳಲ್ಲಿ ಕುಳಿತ ಕನ್ನಡಿಗರು ತಮ್ಮ ನುಡಿಯನ್ನು ತೆರೆಯ ಮೇಲೆ ಕಂಡದ್ದು ಇಂಥ ಉಪಾಯಗಳಿಂದಲೇ. ಆದರೆ ಯಂತ್ರದ ದೃಷ್ಟಿಯಲ್ಲಿ ಅದು ಕನ್ನಡವಾಗಿರಲಿಲ್ಲ. ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಅಕ್ಷರಗಳಾಗಿತ್ತು. ಆದುದರಿಂದ ಶೋಧಕ ಯಂತ್ರದಲ್ಲಿ ಕನ್ನಡ ಪದ ಹುಡುಕಿದರೆ ಸಿಗದು. ಅಕಾರಾದಿಯಾಗಿ ಜೋಡಿಸೆಂದರೆ ಜೋಡಿಸದು. ಒಂದು ಕಂಪನಿಯ ಮೊಳೆಯಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬಾರದು. ಯೂನಿಕೋಡಿನತ್ತ ಜನ ಬೇಗ ತಿರುಗದಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಯುಟಿಎಫ್-೮ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಹಳೆಯ ಮೊಳೆಗೆ ಒಂದೇ ಬೈಟು. ಟೆಲಿಫೋನ್ ತಂತಿಯಲ್ಲಿ ನಿಮಿಷಕ್ಕಿಷ್ಟೆಂದು ಹಣ ತೆರುತ್ತಿದ್ದ ದಿನಗಳಲ್ಲಿ ಇದು ಅಲ್ಪವಾದ ಆಕ್ಷೇಪವಲ್ಲ.

೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ‘ತುಂಗಾ’ ಎಂಬ ಯೂನಿಕೋಡ್ ಅಕ್ಷರವಿನ್ಯಾಸದೊಡನೆ ಕನ್ನಡವನ್ನು ಕೂಡಿಸಿ ತೋರಿಸಲು ಕಲಿತಿತ್ತು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲಿಯೇ ಕಣ್ಣು ತೆರೆಯಿತು. ಅದೇ ವರ್ಷ ಯೂನಿಕೋಡಿನ ಕನ್ನಡದ ಸಾಲಿಗೆ, ಪರಭಾಷೆಯ ಧ್ವನಿಗಳಿಗಾಗಿ ಅಕ್ಷರದ ಕೆಳಗಿಡುವ ಚುಕ್ಕೆಯೂ, ಅವಗ್ರಹವೂ ಸೇರಿದವು. ಗೂಗಲ್ ಕಂಪನಿಯ ಎಣಿಕೆಯಂತೆ ೨೦೦೭ರ ಡಿಸೆಂಬರಿನಲ್ಲಿ ಜಾಲದ ಪುಟಗಳಲ್ಲಿ ಯುಟಿಎಫ್-೮ರ ಬಳಕೆ ಉಳಿದೆಲ್ಲ ಪದ್ಧತಿಗಳನ್ನೂ ಹಿಂದಿಕ್ಕಿತು. ೨೦೧೪ರಲ್ಲಿ ಶಿಫಾರಸಾದ ಎಚ್‌ಟಿಎಂಎಲ್‌ನ ಐದನೆಯ ಆವೃತ್ತಿ ‘ಫಾಂಟ್’, ‘ಸೆಂಟರ್’ ಗುರುತುಗಳನ್ನು ಬಳಕೆಯಿಂದ ಹೊರಗಿಟ್ಟಿತು.

ಇನ್ನೂ ಉಳಿದದ್ದು

ವ್ಯಾಜ್ಯ ಮುಗಿಯಿತೆಂದು ಹೇಳಲು ಬಾರದು. ಪುಟದ ಶೈಲಿಯನ್ನು ಹೇಳುವ ಭಾಷೆ ಹುಟ್ಟಿದ್ದು ರೋಮನ್ ಲಿಪಿಯ ತೊಟ್ಟಿಲಲ್ಲಿ. ಒತ್ತಿ ಹೇಳಬೇಕಾದ ಮಾತನ್ನು ಓರೆಯಕ್ಷರದಲ್ಲಿ ತೋರಿಸುವುದು ಅದರ ರೂಢಿ. ಕನ್ನಡದ ದುಂಡಕ್ಷರಕ್ಕೆ ಓರೆಯಾಗಿ ನಿಲ್ಲುವ ಸಂಪ್ರದಾಯವೇ ಇಲ್ಲ. ಯಂತ್ರ ಅದನ್ನು ಹಿಡಿದು ಬಾಗಿಸಿದರೆ ಬಿದ್ದಂತೆ ಕಾಣುತ್ತದೆ. ಕೊಂಡಿಯ ಪದಕ್ಕೆ ಅಡಿಗೆರೆ ಎಳೆಯುವುದು ಇನ್ನೊಂದು ರೂಢಿ. ನಮ್ಮ ಒತ್ತಕ್ಷರಗಳು ಇರುವುದು ಗೆರೆ ಹಾಯುವ ಜಾಗದಲ್ಲಿಯೇ. ಅಕ್ಷರ ಬಂದಲ್ಲಿ ಗೆರೆಯನ್ನು ತುಂಡರಿಸುವ ಜಾಣತನವನ್ನು ಬ್ರೌಸರ್‌ಗಳು ಕಲಿತದ್ದು ಬಹಳ ತಡವಾಗಿ. ಪ್ಯಾರಾದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಆಜ್ಞೆ ೧೯೯೬ರ ಶಿಫಾರಸಿನಲ್ಲಿಯೇ ಇತ್ತು. ‘ಸ್ತ್ರೀ’ ಎಂಬಲ್ಲಿ ಮೊದಲ ಅಕ್ಷರ ಎಂದರೆ ಆರು ಸಂಕೇತವೋ, ಒಂದು ಸಂಕೇತವೋ ಎಂಬ ಪ್ರಶ್ನೆ ಅಂದು ಅದನ್ನು ಬರೆದವರ ಮುಂದಿರಲಿಲ್ಲ. ಇಂಥವುಗಳನ್ನು ಸರಿಪಡಿಸುವ ಕೆಲಸ ನಮ್ಮ ಲಿಪಿಯನ್ನು ಬಲ್ಲವರು ಹೋಗಿ ಹೇಳಿದ ಹೊರತು ಆಗುವುದಿಲ್ಲ.

ಇದಕ್ಕಿಂತ ಕಳವಳದ ಸಂಗತಿ ಹಳೆಯ ಬರೆಹಗಳದು. ಹಳೆಯ ಮೊಳೆಗಳ ವೇಷದಲ್ಲಿ ಬರೆದ ಕತೆ, ಕವಿತೆ, ಲೇಖನ, ಪತ್ರಗಳಲ್ಲಿ ಕೆಲವನ್ನು ಪರಿವರ್ತಕ ತಂತ್ರಾಂಶಗಳ ಮೂಲಕ ಯೂನಿಕೋಡಿಗೆ ತಂದುಕೊಂಡಿದ್ದಾರೆ. ಉಳಿದವು ಹಳೆಯ ಡಿಸ್ಕುಗಳಲ್ಲಿ, ಮುಚ್ಚಿದ ತಾಣಗಳಲ್ಲಿ ಮಲಗಿವೆ. ತಾಳೆಗರಿ ಹರಿದರೆ ಕಣ್ಣಿಗೆ ಕಾಣುತ್ತದೆ, ಅಕ್ಷರ ತಿಳಿದವರು ಉಳಿದ ಭಾಗವನ್ನಾದರೂ ಓದಿಯಾರು. ಇವು ಹರಿದಿಲ್ಲ, ಆದರೂ ಆ ಮೊಳೆ ಕಳೆದುಹೋದ ದಿನ ಯಾರಿಗೂ ಓದಲು ಬಾರವು. ಮುದ್ರಣಕ್ಕೆ ಸಿದ್ಧಪಡಿಸುವ ಅಂಗಡಿಗಳಲ್ಲಿ ಇಂದಿಗೂ ಹಳೆಯ ಮೊಳೆಗಳು ಬಳಕೆಯಲ್ಲಿವೆ. ಅಲ್ಲಿ ತಯಾರಾಗುವ ಪುಸ್ತಕ ಕಾಗದದ ಮೇಲೆ ಅಚ್ಚುಕಟ್ಟಾಗಿಯೇ ಇರುತ್ತದೆ. ಅದರ ಗಣಕಪ್ರತಿಯನ್ನು ಯೂನಿಕೋಡಿನಲ್ಲಿಯೂ ಒಂದು ಮಾಡಿಸಿ ಇಟ್ಟುಕೊಳ್ಳುವುದು ಲೇಖಕನಿಗೂ ಪ್ರಕಾಶಕನಿಗೂ ಒಂದು ಸಂಜೆಯ ಕೆಲಸ. ಮುಂದಿನ ಪೀಳಿಗೆಯವನು ಆ ಪುಸ್ತಕದ ಒಂದು ಪದವನ್ನು ಹುಡುಕಿದಾಗ ಅದು ಸಿಗುವುದೂ ಸಿಗದಿರುವುದೂ ಆ ಸಂಜೆಯ ಮೇಲೆ ನಿಂತಿದೆ.